ನಾಗವಲ್ಲಿ ಎರಡನೇ ಸಲ ಬಂದಾಗ

ಎಲೆಬಳ್ಳಿಗೆ ಸಂಸ್ಕೃತದಲ್ಲಿ ನಾಗವಲ್ಲಿ ಎಂದು ಹೆಸರು. ಶಿಕಾರಿಪುರದ ಬಳಿ ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರ ಜಲಾಶಯದ ಆಸುಪಾಸಿನಲ್ಲಾಗಲಿ, ಆಚೆ ಸೊರಬದ ಕಡೆಯಲ್ಲಾಗಲಿ, ಅಡಿಕೆ ಮರದ ಬೆನ್ನು ಹಿಡಿದು ಮೇಲೇರುವ ಈ ಬಳ್ಳಿಯನ್ನು ಕಂಡು ಹೆದರುವವರು ಯಾರೂ ಇಲ್ಲ. ಮದುವೆ ಮನೆಯಲ್ಲೂ ‘ನಾಗವಲ್ಲಿ’ ಎಂಬ ಒಂದು ಶಾಸ್ತ್ರವಿದೆ. ಹಲವರು ಅದನ್ನೇ ‘ನಾಗೋಲಿ’ ಎನ್ನುತ್ತಾರೆ. ಒಟ್ಟಿನಲ್ಲಿ ಶುಭದ ಮಾತು.

2004ರ ನಂತರ ಈ ಮಾತಿನ ಅರ್ಥವೇ ಬೇರೆಯಾಯಿತು. ಇಂದು ಹುಡುಗಿಯೊಬ್ಬಳು ಕೂದಲು ಬಿಚ್ಚಿಕೊಂಡು ಸಿಟ್ಟಿನಿಂದ ಕಣ್ಣು ಬಿಟ್ಟರೆ ಸಾಕು, ಮನೆಯ ಹುಡುಗರು ‘ನಾಗವಲ್ಲಿ ಬಂದಳು’ ಎಂದು ಕೂಗಿ ಓಡುತ್ತಾರೆ. ಒಂದು ಚಲನಚಿತ್ರ ಒಂದು ಭಾಷೆಯ ಶಬ್ದವೊಂದನ್ನು ಹೀಗೆ ಎತ್ತಿಕೊಂಡು ಹೋದ ಉದಾಹರಣೆ ಕನ್ನಡದಲ್ಲಿ ಹೆಚ್ಚಿಲ್ಲ. ಎತ್ತಿಕೊಂಡು ಹೋದದ್ದು ‘ಆಪ್ತಮಿತ್ರ’. ಅದನ್ನು ಮರಳಿ ಬಾರದಂತೆ ಗಟ್ಟಿಯಾಗಿ ಹಿಡಿದಿಟ್ಟದ್ದು ಆರು ವರ್ಷಗಳ ನಂತರ ಬಂದ ಅದರ ಎರಡನೇ ಭಾಗ ‘ಆಪ್ತರಕ್ಷಕ’. ಎರಡನೇ ಭಾಗ ಮೊದಲನೆಯದಕ್ಕಿಂತ ಮೇಲಾಯಿತೆಂಬ ಮಾತನ್ನು ಸಿನಿಮಾದವರು ಪ್ರತಿ ಸಲವೂ ಹೇಳುತ್ತಾರೆ. ದೆವ್ವದ ಚಿತ್ರಗಳ ಮಟ್ಟಿಗೆ ಅದು ನಿಜವಾಗುವುದು ಅಪರೂಪ. ಇಲ್ಲಿ ಬಹುಪಾಲು ನಿಜವಾಯಿತು. ಯಾವ ಪಾಲು ನಿಜ, ಯಾವ ಪಾಲು ಅಲ್ಲ ಎಂಬುದು ಸ್ವಲ್ಪ ಬಿಡಿಸಿ ನೋಡಬೇಕಾದ ವಿಷಯ.

ಇಷ್ಟಕ್ಕೂ ದೆವ್ವದ ಕಥೆ ಎರಡನೇ ಸಲ ಏಕೆ ಸಪ್ಪೆಯಾಗುತ್ತದೆ? ಊಟ ಮಾಡದ ಮಗುವಿಗೆ ತಾಯಿ ‘ಗುಮ್ಮ ಬರ್ತಾನೆ’ ಎನ್ನುತ್ತಾಳೆ. ಗುಮ್ಮನಿಗೆ ಮುಖವಿಲ್ಲ, ಆಕಾರವಿಲ್ಲ. ಮಗು ಹೆದರುವುದೇ ಅದಕ್ಕೆ. ಯಾರಾದರೂ ಕಂಬಳಿ ಹೊದ್ದುಕೊಂಡು ಬಂದು ಗುಮ್ಮನನ್ನು ತೋರಿಸಿಬಿಟ್ಟರೆ ಮಗು ಒಂದು ದಿನ ಹೆದರುತ್ತದೆ, ಮರುದಿನ ಕಂಬಳಿ ಎಳೆಯುತ್ತದೆ. ಭೀತಿಯ ಚಿತ್ರವೂ ಹೀಗೆಯೇ. ಬೀಗ ಹಾಕಿದ ಕೋಣೆಯೊಳಗೆ ಏನಿದೆ ಎಂಬುದು ಮೊದಲ ಭಾಗದಲ್ಲೇ ಗೊತ್ತಾಗಿಬಿಟ್ಟಿರುತ್ತದೆ. ಎರಡನೇ ಭಾಗದವರು ಅದೇ ಬಾಗಿಲನ್ನು ಮತ್ತೆ ಕಿರ್‌ ಎನ್ನಿಸುತ್ತಾರೆ, ಹಿನ್ನೆಲೆ ಸಂಗೀತವನ್ನು ಇನ್ನಷ್ಟು ಜೋರು ಮಾಡುತ್ತಾರೆ. ನೋಡುವವನಿಗೆ ಮಾತ್ರ ಕಂಬಳಿ ಕಾಣುತ್ತಿರುತ್ತದೆ.

‘ಚಂದಮಾಮ’ ಓದಿ ಬೆಳೆದವರಿಗೆ ಇದಕ್ಕೆ ಪರಿಹಾರವೂ ಗೊತ್ತಿರಬೇಕು. ಬೇತಾಳ ಪ್ರತಿ ಸಲವೂ ಮರಕ್ಕೇ ಮರಳುತ್ತದೆ, ವಿಕ್ರಮ ಪ್ರತಿ ಸಲವೂ ಅದನ್ನು ಹೊತ್ತು ತರುತ್ತಾನೆ. ಆದರೂ ತಿಂಗಳು ತಿಂಗಳೂ ಓದುಗರಿದ್ದರು. ಕಾರಣವಿಷ್ಟೇ, ಹೆಗಲ ಮೇಲಿನ ಬೇತಾಳ ಅದೇ ಆದರೂ ಅದು ಹೇಳುವ ಕಥೆ ಬೇರೆ. ಯಾರೂ ಬೇತಾಳಕ್ಕೆ ಹೆದರಿ ಆ ಪುಟ ತೆರೆಯುತ್ತಿರಲಿಲ್ಲ, ಕಥೆಗಾಗಿ ತೆರೆಯುತ್ತಿದ್ದರು.

ಹಾಲಿವುಡ್ ಇದನ್ನು ಬಹಳ ಬೇಗ ಕಲಿತಿತ್ತು. ಜೇಮ್ಸ್ ವೇಲ್ ನಿರ್ದೇಶಿಸಿದ ‘ಫ್ರಾಂಕೆನ್‌ಸ್ಟೈನ್’ ಬಂದದ್ದು 1931ರಲ್ಲಿ. ಹೆಣದ ತುಂಡುಗಳಿಂದ ಮಾಡಿದ ರಾಕ್ಷಸನ ಪಾತ್ರದಲ್ಲಿ ಬೋರಿಸ್ ಕಾರ್ಲಾಫ್ ಮಾತೇ ಇಲ್ಲದೆ ಜನರನ್ನು ನಡುಗಿಸಿದರು. ಅದರ ಎರಡನೇ ಭಾಗವನ್ನು ಮಾಡಲು ವೇಲ್ ಮೊದಲು ಒಪ್ಪಿರಲಿಲ್ಲ. ಕೊನೆಗೆ 1935ರಲ್ಲಿ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ತಂದಾಗ ಅವರು ಮಾಡಿದ ಕೆಲಸ ಗಮನಿಸುವಂಥದ್ದು. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ರಾಕ್ಷಸ ತನಗೊಬ್ಬ ಜೊತೆಗಾತಿ ಬೇಕೆಂದು ತನ್ನನ್ನು ಮಾಡಿದವನನ್ನೇ ಬೇಡುತ್ತಾನೆ. ಮೊದಲ ಚಿತ್ರ ಆ ಭಾಗವನ್ನು ಮುಟ್ಟಿರಲಿಲ್ಲ. ವೇಲ್ ಅಲ್ಲಿಗೆ ಕೈಹಾಕಿದರು. ಕಾರ್ಲಾಫ್‌ಗೆ ಇಷ್ಟವಿಲ್ಲದಿದ್ದರೂ ರಾಕ್ಷಸನ ಬಾಯಿಗೆ ಮಾತು ಕೊಟ್ಟರು. ಅವನಿಗಾಗಿ ಮಾಡಿದ ವಧುವೇ ಅವನನ್ನು ಕಂಡು ಕಿರುಚಿಕೊಂಡಾಗ ಪ್ರೇಕ್ಷಕರಿಗೆ ಬಂದದ್ದು ಭಯವಲ್ಲ, ಕನಿಕರ. ವಿಮರ್ಶಕರಲ್ಲಿ ಹಲವರು ಇಂದಿಗೂ ಎರಡನೆಯದನ್ನೇ ಮೇಲೆಂದು ಹೇಳುತ್ತಾರೆ. ಹೊಸ ದೆವ್ವವನ್ನು ಹುಡುಕುವುದಕ್ಕಿಂತ ಹಳೆಯ ಕಥೆಯಲ್ಲಿ ಹೇಳದೆ ಬಿಟ್ಟದ್ದನ್ನು ಹುಡುಕುವುದು, ‘ಆಪ್ತರಕ್ಷಕ’ವೂ ಗೊತ್ತಿದ್ದೋ ಗೊತ್ತಿಲ್ಲದೆಯೋ ಹಿಡಿದ ದಾರಿ ಇದೇ.

ನೆರೆಯ ಭಾಷೆಯ ದೆವ್ವ

ಕನ್ನಡಕ್ಕೆ ದೆವ್ವದ ಚಿತ್ರ ಹೊಸದೇನಲ್ಲ. 1979ರಲ್ಲಿ ಅನಂತನಾಗ್ ಮತ್ತು ಲಕ್ಷ್ಮಿ ನಟಿಸಿದ ‘ನಾ ನಿನ್ನ ಬಿಡಲಾರೆ’ ನೋಡಿ ರಾತ್ರಿ ಒಬ್ಬರೇ ಮನೆಗೆ ಹೋಗಲು ಹೆದರಿದವರು ಈಗ ಅಜ್ಜ ಅಜ್ಜಿಯರಾಗಿದ್ದಾರೆ. ಅದು ಹಿಂದಿಗೂ ಹೋಯಿತು. 1993ರಲ್ಲಿ ಉಪೇಂದ್ರ ‘ಶ್!’ ಮಾಡಿದರು. ಅದೇ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಕೇರಳದಲ್ಲಿ ಫಾಸಿಲ್ ನಿರ್ದೇಶನದ ‘ಮಣಿಚಿತ್ರತಾಳ್’ ತೆರೆಗೆ ಬಂತು. ಮಧು ಮುಟ್ಟಂ ಬರೆದ ಈ ಕಥೆಗೆ ಆಲಪ್ಪುಳ ಜಿಲ್ಲೆಯ ಆಲುಮ್ಮೂಟಿಲ್ ಮನೆತನದಲ್ಲಿ ನಡೆದಿದ್ದ ಒಂದು ದುರಂತ ಪ್ರೇರಣೆಯೆನ್ನುತ್ತಾರೆ. ‘ಮಣಿಚಿತ್ರತಾಳ್’ ಎಂದರೆ ಚಿತ್ತಾರದ ಬೀಗ. ಅದರಲ್ಲಿ ನಟಿಸಿದ ಶೋಭನಾಗೆ ಶ್ರೇಷ್ಠ ನಟಿಯ ರಾಷ್ಟ್ರಪ್ರಶಸ್ತಿ ಬಂತು.

ಈ ಕಥೆ ಹತ್ತು ವರ್ಷ ಮಲಯಾಳದಲ್ಲೇ ಇತ್ತು. ಅದನ್ನು ಹೊರಗೆ ತಂದು ದೇಶವೆಲ್ಲ ಸುತ್ತಿಸಿದ್ದು ಕನ್ನಡ. ಪಿ. ವಾಸು ನಿರ್ದೇಶನದಲ್ಲಿ, ದ್ವಾರಕೀಶ್ ನಿರ್ಮಾಣದಲ್ಲಿ, ವಿಷ್ಣುವರ್ಧನ್, ಸೌಂದರ್ಯ, ರಮೇಶ್ ಅರವಿಂದ್, ಪ್ರೇಮಾ, ಅವಿನಾಶ್ ತಾರಾಗಣದಲ್ಲಿ ‘ಆಪ್ತಮಿತ್ರ’ 2004ರ ಆಗಸ್ಟ್‌ನಲ್ಲಿ ಬಿಡುಗಡೆಯಾಯಿತು. ಸಾಲು ಸೋಲುಗಳಿಂದ ಬಸವಳಿದಿದ್ದ ದ್ವಾರಕೀಶ್‌ಗೆ ಅದು ಮರುಜನ್ಮ. ಮರುವರ್ಷವೇ ವಾಸು ಅದನ್ನು ರಜನಿಕಾಂತ್ ಜೊತೆ ತಮಿಳಿನಲ್ಲಿ ‘ಚಂದ್ರಮುಖಿ’ ಎಂದು ಮಾಡಿದರು. ಚೆನ್ನೈನ ಶಾಂತಿ ಚಿತ್ರಮಂದಿರದಲ್ಲಿ ಅದು ಎಂಟುನೂರಕ್ಕೂ ಹೆಚ್ಚು ದಿನ ಓಡಿತು. 2007ರಲ್ಲಿ ಪ್ರಿಯದರ್ಶನ್ ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ ತಂದರು.

ಇಲ್ಲಿ ಒಂದು ತಮಾಷೆಯಿದೆ. ಮಲಯಾಳದ ನಾಗವಲ್ಲಿ ತಂಜಾವೂರಿನವಳು, ಆಡುವುದು ತಮಿಳು. ಕನ್ನಡಕ್ಕೆ ಬಂದ ನಾಗವಲ್ಲಿ ಹಾಡುವುದು, ಗದರುವುದು ತೆಲುಗಿನಲ್ಲಿ. ತಮಿಳಿನ ಚಂದ್ರಮುಖಿಯೂ ತೆಲುಗಿನವಳೇ. ಹಿಂದಿಗೆ ಹೋದಾಗ ಅವಳು ಬಂಗಾಳಿ ಮಾತನಾಡುವ ಮಂಜುಲಿಕಾ ಆದಳು. ಯಾವ ಭಾಷೆಯವರೂ ತಮ್ಮ ದೆವ್ವವನ್ನು ತಮ್ಮ ಮನೆಮಾತಿನಲ್ಲಿ ಮಾತನಾಡಿಸಲಿಲ್ಲ! ಮನೆಯ ಹೆಣ್ಣುಮಗಳು ಇದ್ದಕ್ಕಿದ್ದಂತೆ ಯಾರಿಗೂ ಗೊತ್ತಿಲ್ಲದಂತೆ ಕಲಿತ ಪಕ್ಕದೂರಿನ ಭಾಷೆಯಲ್ಲಿ ಬೈಯತೊಡಗಿದರೆ ಆಗುವ ದಿಗಿಲೇ ಬೇರೆ. ಪೂರ್ತಿ ಅರ್ಥವಾಗದೆ ಇರಬೇಕು, ಅರ್ಧ ಅರ್ಥವಾಗಲೂ ಬೇಕು. ಕನ್ನಡಿಗರಿಗೆ ತೆಲುಗು ಹಾಗೆ.

ಇದಕ್ಕೆ ಚರಿತ್ರೆಯ ಆಧಾರವೂ ಇಲ್ಲದಿಲ್ಲ. ದಕ್ಷಿಣದ ಆಸ್ಥಾನಗಳಲ್ಲಿ ಸಂಗೀತ ಮತ್ತು ನೃತ್ಯದ ಭಾಷೆ ಬಹಳ ಮಟ್ಟಿಗೆ ತೆಲುಗೇ ಆಗಿತ್ತು. ಕ್ಷೇತ್ರಯ್ಯನ ಪದಗಳು, ಜಾವಳಿಗಳು ಮೈಸೂರಿನ ಅರಮನೆಯಲ್ಲೂ ಅಭಿನಯಕ್ಕೆ ಬೇಕಾಗಿದ್ದವು. ಆದರೆ ಮೈಸೂರಿನ ನಿಜವಾದ ಆಸ್ಥಾನ ನರ್ತಕಿಯರ ಕಥೆ ನಾಗವಲ್ಲಿಯದರಂತೆ ಕೊನೆಯಾಗಲಿಲ್ಲ. ಜಟ್ಟಿ ತಾಯಮ್ಮ ಅಭಿನಯಕ್ಕಾಗಿ ನಾಡೆಲ್ಲ ಹೆಸರಾಗಿದ್ದರು. ಅವರ ಶಿಷ್ಯೆ ಕೆ. ವೆಂಕಟಲಕ್ಷ್ಮಮ್ಮ ಪದ್ಮಭೂಷಣ ಪಡೆದು 2002ರವರೆಗೆ ಬಾಳಿದರು. ನಾಗವಲ್ಲಿ ಕಲ್ಪನೆಯ ಕೂಸು. ಅದನ್ನು ಮರೆತು, ಹಳೆಯ ಅರಮನೆ ಕಂಡಲ್ಲೆಲ್ಲ ‘ಇಲ್ಲೇ ಅಂತೆ’ ಎನ್ನುವವರು ಈಗಲೂ ಇದ್ದಾರೆ.

ಸೌಂದರ್ಯ ಹುಟ್ಟಿದ್ದು ಆಂಧ್ರದ ಗಡಿಗೆ ಹತ್ತಿರದ ಮುಳಬಾಗಿಲಿನ ಕಡೆ. ಕನ್ನಡದ ಈ ಹುಡುಗಿ ತೆಲುಗಿನಲ್ಲಿ ದೊಡ್ಡ ತಾರೆಯಾದವರು. ಕನ್ನಡ ಮಾತನಾಡುವ ಗಂಗಾ ತೆಲುಗಿನ ನಾಗವಲ್ಲಿಯಾಗಿ ಬದಲಾಗುವ ಪಾತ್ರಕ್ಕೆ ಅವರಿಗಿಂತ ಒಪ್ಪುವವರು ಸಿಗುತ್ತಿರಲಿಲ್ಲ. ‘ಆಪ್ತಮಿತ್ರ’ ನಿಂತದ್ದು ಈ ಬದಲಾವಣೆಯ ಮೇಲೆ. ಎರಡನೇ ಭಾಗದ ಯಾವ ನಟಿಗೂ ಆ ಅವಕಾಶ ಸಿಗಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು.

ಉಳಿದುಹೋಗಿದ್ದ ರಾಜ

‘ಆಪ್ತಮಿತ್ರ’ದಲ್ಲಿ ದೆವ್ವ ಇಲ್ಲವೆಂದೇ ಹೇಳಬೇಕು. ಹಳೆಯ ಅರಮನೆಗೆ ಬಂದ ಗಂಗಾ ಬೀಗ ಹಾಕಿದ ಕೋಣೆ ತೆರೆಯುತ್ತಾಳೆ, ನಾಗವಲ್ಲಿಯ ಚಿತ್ರ ನೋಡುತ್ತಾಳೆ, ಕಥೆ ಕೇಳುತ್ತಾಳೆ, ತಾನೇ ಅವಳೆಂದು ನಂಬತೊಡಗುತ್ತಾಳೆ. ಮನೋವೈದ್ಯ ವಿಜಯ್ ಇದನ್ನು ವ್ಯಕ್ತಿತ್ವ ಒಡೆದು ಎರಡಾಗುವ ಕಾಯಿಲೆ ಎಂದು ಗುರುತಿಸುತ್ತಾನೆ. ನಾಗವಲ್ಲಿಯ ಪ್ರಿಯಕರನನ್ನೂ ಅವಳನ್ನೂ ಕೊಂದ ರಾಜನ ವೇಷದಲ್ಲಿ ತಾನೇ ಅವಳೆದುರು ನಿಲ್ಲುತ್ತಾನೆ. ಕೊನೆಗೆ ಸಿಟ್ಟು ತೀರುವುದು ಒಂದು ಗೊಂಬೆಯ ಮೇಲೆ. ಸೇಡು ತೀರಿತೆಂದು ರೋಗಿಯ ಮನಸ್ಸು ನಂಬುತ್ತದೆ, ಕಾಯಿಲೆ ಇಳಿಯುತ್ತದೆ. ಮಲಯಾಳದ ಮೂಲದಿಂದ ಬಂದ ಈ ಯುಕ್ತಿ ಅಚ್ಚುಕಟ್ಟಾದದ್ದು.

ಅಚ್ಚುಕಟ್ಟಿನ ನಡುವೆ ಒಬ್ಬ ಮಾತ್ರ ತಪ್ಪಿಸಿಕೊಂಡಿದ್ದ. ಅವನು ರಾಜ ವಿಜಯ ರಾಜೇಂದ್ರ ಬಹದ್ದೂರ್. ಇಷ್ಟೆಲ್ಲಕ್ಕೂ ಮೂಲವಾದ ಕೊಲೆ ಮಾಡಿದವನು ಅವನು. ಚಿತ್ರದಲ್ಲಿ ಅವನಿಗೆ ಸಿಕ್ಕಿದ್ದು ಕೆಲವೇ ನಿಮಿಷ ಮತ್ತು ‘ಹೌಲಾ ಹೌಲಾ’ ಎಂಬ ಒಂದು ಉದ್ಗಾರ. ಆ ಕೆಲವು ನಿಮಿಷಗಳೇ ಜನರ ನೆನಪಿನಲ್ಲಿ ಉಳಿದವು. ಜನ ನಾಗವಲ್ಲಿಗೆ ಹೆದರಿದರು, ರಾಜನನ್ನು ಅನುಕರಿಸಿದರು. ಸತ್ತವಳು ದೆವ್ವವಾದಳು, ಕೊಂದವನು ಶಾಲಾ ವಾರ್ಷಿಕೋತ್ಸವದ ಏಕಪಾತ್ರಾಭಿನಯವಾದ.

ಎರಡನೇ ಭಾಗ ಈ ಅನ್ಯಾಯಕ್ಕೆ ಕೈಹಾಕಿತು. ‘ಆಪ್ತರಕ್ಷಕ’ದಲ್ಲಿ ನಾಗವಲ್ಲಿಯ ಚಿತ್ರಪಟ ಬೇರೊಂದು ಮನೆ ಸೇರುತ್ತದೆ, ನೃತ್ಯ ಸ್ಪರ್ಧೆಯಲ್ಲಿ ಗೆದ್ದ ಹೆಣ್ಣುಮಗಳಿಗೆ ಬಂದ ಬಹುಮಾನ ಅದು. ಮನೆಯಲ್ಲಿ ಕಾಟ ಶುರುವಾಗುತ್ತದೆ, ಭಾರೀ ಗಾತ್ರದ ಹಾವು ಕಾಣಿಸಿಕೊಳ್ಳುತ್ತದೆ, ಅವಿನಾಶ್ ಅಭಿನಯದ ಆಚಾರ್ಯರು ಬರುತ್ತಾರೆ, ಹಿಂದೆಯೇ ಡಾಕ್ಟರ್ ವಿಜಯ್ ಕೂಡ. ಇಲ್ಲಿಯವರೆಗೆ ಹಳೆಯ ಕಂಬಳಿಯೇ. ಹಾವಂತೂ ಬೇಕಿರಲಿಲ್ಲ. ಕೋಮಲ್ ಕುಮಾರ್ ಹಾಸ್ಯ ಒಂದಿಷ್ಟು ಹೊತ್ತು ಕಳೆಯುತ್ತದೆ. ವಿಮಲಾ ರಾಮನ್, ಸಂಧ್ಯಾ, ಭಾವನಾ, ಲಕ್ಷ್ಮೀ ಗೋಪಾಲಸ್ವಾಮಿ ಎಂದು ನಟಿಯರು ತುಂಬಿದ್ದರೂ ಯಾರಿಗೂ ಪೂರ್ತಿ ಕೆಲಸವಿಲ್ಲ.

ಚಿತ್ರ ಮೇಲೇಳುವುದು ವೈದ್ಯ ‘ಈ ಮನೆಯಲ್ಲಿ ಯಾರಿಗೆ ಕಾಯಿಲೆ’ ಎಂಬ ಪ್ರಶ್ನೆಯ ಜೊತೆಗೆ ‘ಆ ರಾಜ ಯಾರು, ಅವನಿಗೆ ಏನಾಯಿತು’ ಎಂದು ಕೇಳಿದಾಗ. ಮೊದಲ ಭಾಗದಲ್ಲಿ ವೇಷ ಮಾತ್ರವಾಗಿದ್ದವನು ಇಲ್ಲಿ ರಕ್ತಮಾಂಸದ ಮನುಷ್ಯನಾಗುತ್ತಾನೆ. ಅವನ ದರ್ಬಾರು, ಅವನ ಕಾಮ, ಅವನ ಕ್ರೌರ್ಯ ಎಲ್ಲವೂ ದೀರ್ಘವಾಗಿ ಬಿಚ್ಚಿಕೊಳ್ಳುತ್ತವೆ. ಅವನು ಇನ್ನೂ ಬದುಕಿದ್ದಾನೆ ಎಂಬ ತಿರುವು ನಂಬಲು ಕಷ್ಟವಾದದ್ದೇ. ಕಥೆಗೆ ಮಾತ್ರ ಅದು ದೊಡ್ಡ ಉಪಕಾರ ಮಾಡಿತು. ಹೆದರಬೇಕಾದದ್ದು ಸತ್ತ ನರ್ತಕಿಗಲ್ಲ, ಅವಳನ್ನು ಕೊಂದವನಿಗೆ ಎಂದು ಪ್ರೇಕ್ಷಕ ಒಳಗೊಳಗೇ ಪಕ್ಷ ಬದಲಿಸುತ್ತಾನೆ. ಗೊಂಬೆಯ ಮೇಲೆ ತೀರಿದ ಸಿಟ್ಟು ಸಾಲದು, ತಪ್ಪು ಮಾಡಿದವನಿಗೇ ಶಿಕ್ಷೆಯಾಗಬೇಕು ಎಂಬ ಸರಳ ನ್ಯಾಯ ಆರು ವರ್ಷ ತಡವಾಗಿ ಬಂತು.

ಇದು ವಾಸು ಮಾಡಿದ ಒಳ್ಳೆಯ ಕೆಲಸ. ಮೊದಲ ಭಾಗದ ಬೆನ್ನೆಲುಬು ಮಧು ಮುಟ್ಟಂ ಅವರದು, ಫಾಸಿಲ್ ಅವರದು. ಎರಡನೆಯದು ಕನ್ನಡಕ್ಕೆಂದೇ ಕಟ್ಟಿದ್ದು. ಮೊದಲನೆಯದು ಕನ್ನಡಕ್ಕೆ ಹೊರಗಿನಿಂದ ಬಂತು, ಎರಡನೆಯದು ಕನ್ನಡದಿಂದ ಹೊರಗೆ ಹೋಯಿತು. 2010ರ ಕೊನೆಯಲ್ಲೇ ವೆಂಕಟೇಶ್ ನಾಯಕರಾಗಿ ‘ನಾಗವಲ್ಲಿ’ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಅದು ಬಂತು.

ಉಳಿದದ್ದು ವಿಷ್ಣುವರ್ಧನ್. ವೈದ್ಯ ಮತ್ತು ರಾಜ ಎರಡೂ ಅವರೇ. 1972ರ ‘ನಾಗರಹಾವು’ ಚಿತ್ರದ ರಾಮಾಚಾರಿಯ ಸಿಟ್ಟು, ಹಠ, ತಗ್ಗದ ಕತ್ತು ಇವನ್ನು ಕನ್ನಡಿಗರು ಮರೆತಿರಲಿಲ್ಲ. ನಡುವಿನ ವರ್ಷಗಳಲ್ಲಿ ಅವರು ಮನೆಯ ಹಿರಿಯಣ್ಣನಂಥ, ತ್ಯಾಗಮೂರ್ತಿಯಂಥ ಪಾತ್ರಗಳಲ್ಲಿ ಹೆಚ್ಚಾಗಿ ಕಂಡಿದ್ದರು. ಒಳ್ಳೆಯವನಾಗಿ ಇದ್ದೂ ಇದ್ದೂ ದಣಿದ ನಟನಿಗೆ ಕೆಟ್ಟವನಾಗುವ ಅವಕಾಶ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಈ ರಾಜ ಸಾಕ್ಷಿ. ತುಟಿಯ ಕೊನೆಯಲ್ಲಿ ನಗು, ಮರುಕ್ಷಣ ಕಣ್ಣಿನಲ್ಲಿ ಕೊಲೆ. ವೈದ್ಯನ ಪಾತ್ರದ ಸಮಾಧಾನ ಪಕ್ಕದಲ್ಲೇ ಇರುವುದರಿಂದ ರಾಜನ ಕ್ರೌರ್ಯ ಎರಡರಷ್ಟು ಕಾಣುತ್ತದೆ.

ಶಾಪದ ಸುದ್ದಿ

‘ಆಪ್ತರಕ್ಷಕ’ ವಿಷ್ಣುವರ್ಧನ್ ಅವರ 200ನೇ ಚಿತ್ರವೆಂದು ಪ್ರಚಾರವಾಗಿತ್ತು. ತೆರೆ ಕಂಡದ್ದು 2010ರ ಫೆಬ್ರುವರಿ 19ರಂದು. ಅದಕ್ಕೆ ಐವತ್ತೊಂದು ದಿನ ಮೊದಲು, 2009ರ ಡಿಸೆಂಬರ್ 30ರ ಬೆಳಗಿನ ಜಾವ, ಮೈಸೂರಿನಲ್ಲಿ ಅವರು ಹೃದಯಾಘಾತದಿಂದ ತೀರಿಕೊಂಡಿದ್ದರು. ವಯಸ್ಸು 59. ‘ಆಪ್ತಮಿತ್ರ’ ಬಿಡುಗಡೆಯಾಗುವ ಮೊದಲು, 2004ರ ಏಪ್ರಿಲ್ 17ರಂದು, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ಚಿಕ್ಕ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಸ್ವಲ್ಪ ಹೊತ್ತಿನಲ್ಲೇ ಬಿದ್ದಿತ್ತು.

ಎರಡು ಚಿತ್ರ, ಎರಡು ಸಾವು. ‘ನಾಗವಲ್ಲಿಯ ಶಾಪ’ ಎಂಬ ಮಾತು ಹುಟ್ಟಲು ಇನ್ನೇನು ಬೇಕು? ಪತ್ರಿಕೆಗಳೂ ಟಿ.ವಿ. ವಾಹಿನಿಗಳೂ ಅದನ್ನು ಬಿಡಲಿಲ್ಲ. ವಿಮಾನ ಬಿದ್ದದ್ದು ಅಪಘಾತ, ಹೃದಯ ನಿಂತದ್ದು ಕಾಯಿಲೆ. ನೂರಾರು ಜನ ದುಡಿದ ಎರಡು ಚಿತ್ರಗಳಲ್ಲಿ ಉಳಿದವರೆಲ್ಲ ಕೆಲಸ ಮುಂದುವರಿಸಿದರು. ಅವಿನಾಶ್, ರಮೇಶ್ ಅರವಿಂದ್, ಪ್ರೇಮಾ, ವಾಸು ಎಲ್ಲರೂ. ಮೊದಲ ಚಿತ್ರದ ನಿರ್ಮಾಪಕ ದ್ವಾರಕೀಶ್ 80 ದಾಟಿ, 2024ರಲ್ಲಿ ತೀರಿಕೊಂಡರು. ಶಾಪದ ಲೆಕ್ಕ ಬರೆಯುವವರು ಬದುಕಿದವರ ಪಟ್ಟಿ ಬರೆಯುವುದಿಲ್ಲ.

ಅಭಿಮಾನಿಗಳಿಗೆ ಶಾಪಕ್ಕಿಂತ ದುಃಖ ದೊಡ್ಡದಾಗಿತ್ತು. ತೀರಿಕೊಂಡ ನಾಯಕನ ಕೊನೆಯ ಚಿತ್ರವೆಂಬ ಕಾರಣಕ್ಕೇ ಜನ ಎರಡನೇ ಭಾಗವನ್ನು ಮೆಚ್ಚಿದರು ಎಂಬ ವಾದವೂ ಇದೆ. ಮೊದಲ ವಾರಗಳ ನೂಕುನುಗ್ಗಲಿಗೆ ಅದು ಕಾರಣವಿರಬಹುದು. ಇಷ್ಟು ವರ್ಷಗಳ ನಂತರವೂ ಟಿ.ವಿ.ಯಲ್ಲಿ ರಾಜನ ದೃಶ್ಯ ಬಂದಾಗ ಕೈಯಲ್ಲಿನ ಕೆಲಸ ಬಿಟ್ಟು ನಿಲ್ಲುವವರಲ್ಲಿ ಆಗ ಹುಟ್ಟಿಯೇ ಇರದ ಹುಡುಗರೂ ಇದ್ದಾರೆ. ಅವರನ್ನು ಅನುಕಂಪ ಹಿಡಿದು ನಿಲ್ಲಿಸುತ್ತಿದೆ ಎನ್ನಲಾಗದು.

ಹಿಂದಕ್ಕೆ ಹೋದ ಒಂದು ಹೆಜ್ಜೆ

ಒಂದು ವಿಷಯದಲ್ಲಿ ಮಾತ್ರ ಎರಡನೇ ಭಾಗ ಮೊದಲನೆಯದಕ್ಕಿಂತ ಹಿಂದೆ ಬಿತ್ತು. ಅದು ಸಣ್ಣ ವಿಷಯವೂ ಅಲ್ಲ.

ಮಲೆನಾಡಿನ ಅಂಚಿನ ಊರುಗಳಲ್ಲಿ, ಅಂಜನಾಪುರದ ಕಡೆಯಿರಲಿ ಬೇರೆಡೆಯಿರಲಿ, ಹೆಣ್ಣುಮಗಳೊಬ್ಬಳು ಊಟ ಬಿಟ್ಟು, ನಿದ್ದೆಗೆಟ್ಟು, ತನ್ನದಲ್ಲದ ದನಿಯಲ್ಲಿ ಮಾತಾಡಿದರೆ ಮೊದಲು ಬರುವ ಮಾತು ‘ಗಾಳಿ ಸೋಕಿದೆ’ ಎಂಬುದು. ವೀಳ್ಯದೆಲೆಗೆ ಕಪ್ಪು ಸವರಿ ಅಂಜನ ನೋಡುವವರು, ತಾಯತ ಕಟ್ಟುವವರು, ಬೇವಿನ ಸೊಪ್ಪು ಹಿಡಿದು ಕೂರಿಸುವವರು ಆಮೇಲೆ. (ಅಂಜನಾಪುರದ ಹೆಸರಿಗೂ ಈ ಅಂಜನಕ್ಕೂ ನಂಟು ಕಟ್ಟುವ ಅಗತ್ಯವಿಲ್ಲ.) ಇಂಥ ಊರುಗಳಿಗೆ ‘ಆಪ್ತಮಿತ್ರ’ ಹೇಳಿದ ಮಾತು ದೊಡ್ಡದು. ಇದು ಕಾಯಿಲೆ, ಇದಕ್ಕೆ ಡಾಕ್ಟರಿದ್ದಾರೆ, ಕಾಯಿಲೆಯವಳನ್ನು ಹೊಡೆಯಬಾರದು, ಅವಳ ಗಂಡ ಅವಳ ಕೈಬಿಡಬಾರದು. ಆಚಾರ್ಯರೂ ವೈದ್ಯರೂ ಜಗಳವಾಡದೆ ಒಟ್ಟಿಗೆ ಕೂತು ಉಪಾಯ ಮಾಡಿದ್ದನ್ನು ಊರಿನ ಜನ ಬಹಳ ಇಷ್ಟಪಟ್ಟರು. ವೈದ್ಯಶಾಸ್ತ್ರದ ಕಣ್ಣಿನಲ್ಲಿ ಆ ಚಿಕಿತ್ಸೆ ನಾಟಕವೇ. ವೇದಿಕೆ ಕಟ್ಟಿ ಗೊಂಬೆ ನಿಲ್ಲಿಸಿ ಒಂದೇ ರಾತ್ರಿಯಲ್ಲಿ ಯಾವ ಮನೋವೈದ್ಯರೂ ಯಾರನ್ನೂ ಗುಣಪಡಿಸುವುದಿಲ್ಲ. ಆದರೂ ದಿಕ್ಕು ಸರಿಯಿತ್ತು.

‘ಆಪ್ತರಕ್ಷಕ’ದಲ್ಲಿ ಆ ದಿಕ್ಕು ಮಸುಕಾಯಿತು. ರಾಜನನ್ನು ನಿಜ ಮಾಡಿದಾಗ ನಾಗವಲ್ಲಿಯೂ ನಿಜವಾಗಲೇಬೇಕಾಯಿತು. ಜಾತಕ, ಚಿತ್ರಪಟದ ಕಾಟ, ಹಾವು ಎಲ್ಲವೂ ಒಳಗೆ ಬಂದವು. ಡಾಕ್ಟರ್ ವಿಜಯ್ ಕೈಯಲ್ಲಿ ವೈದ್ಯಶಾಸ್ತ್ರಕ್ಕಿಂತ ಪತ್ತೇದಾರಿಕೆ ಹೆಚ್ಚಾಯಿತು. ಕಥೆಗೆ ನ್ಯಾಯ ಸಿಕ್ಕಿತು, ಕಾಯಿಲೆಗೆ ಸಿಗಲಿಲ್ಲ.

ತೆರೆಯ ಹೊರಗೆ ಈ ಕೆಲಸ ನಿಧಾನವಾಗಿ ನಡೆದಿದೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಹೆಸರು ರಾಜ್ಯದ ಹಳ್ಳಿಹಳ್ಳಿಗೂ ಗೊತ್ತು. ಅಷ್ಟು ದೂರ ಹೋಗಲಾರದವರಿಗಾಗಿ ರಾಜ್ಯ ಸರ್ಕಾರ 2014ರಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮ ಆರಂಭಿಸಿತು. ಮನೋವೈದ್ಯರೇ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬುದು ಅದರ ಯೋಜನೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ವಿರುದ್ಧದ ಕಾಯ್ದೆಯಲ್ಲಿ, ದೆವ್ವ ಬಿಡಿಸುವ ನೆಪದಲ್ಲಿ ಹಗ್ಗದಿಂದ ಕಟ್ಟುವುದು, ಕೋಲು ಅಥವಾ ಚಾಟಿಯಿಂದ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧಗಳಾಗಿವೆ. ಕಾಯ್ದೆಯಲ್ಲಿ ಇಷ್ಟು ವಿವರವಾಗಿ ಬರೆಯಬೇಕಾಯಿತೆಂದರೆ ಇವೆಲ್ಲ ಎಲ್ಲೋ ನಡೆಯುತ್ತಿದ್ದವು ಎಂದೇ ಅರ್ಥ.

ಆಪ್ತರಕ್ಷಕದ ದಾರಿ ಮತ್ತೊಮ್ಮೆ ಹಿಡಿಯುವುದು ಅದರ ನಿರ್ದೇಶಕರಿಗೂ ಸುಲಭವಾಗಲಿಲ್ಲ. ತೆಲುಗಿನ ‘ನಾಗವಲ್ಲಿ’ ಕನ್ನಡದಷ್ಟು ಹೆಸರು ಮಾಡಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವಾಸು ‘ಚಂದ್ರಮುಖಿ 2’ ತಂದರು. ರಜನಿಕಾಂತ್ ಇರಲಿಲ್ಲ, ನಾಯಕ ರಾಘವ ಲಾರೆನ್ಸ್, ನರ್ತಕಿ ಕಂಗನಾ ರನೌತ್. ಹಳೆಯ ಅರಮನೆ, ಹಳೆಯ ಕೋಣೆ, ಹಳೆಯ ರಾಜನ ಹೆಸರು ಎಲ್ಲವೂ ಇದ್ದವು. ಬೀಗ ತೆಗೆಯುವ ಹೊತ್ತಿಗೆ ಚಿತ್ರಮಂದಿರದಲ್ಲಿ ಕೂತವರಿಗೆಲ್ಲ ಒಳಗೆ ಏನಿದೆ ಎಂಬುದು ಮೊದಲೇ ಗೊತ್ತಿತ್ತು.